ಹತ್ತು ಪದಗಳ ಬಾಯಿಪಾಠ

"ಇನ್ನೊಂದು ಸಲ ಹೇಳೇ, ದಿಂಕಾ." ಶಾಲೆಯ ಬಾಗಿಲಲ್ಲಿ ಪೆರಿನಾ ಟೀಚರ್ ಅವಳ ತೋಳು ಬಿಡಲಿಲ್ಲ.

"ಉಪ್ಪು, ಚಾಕು, ಕರುಳು, ಡಬ್ಬಿ, ಬಕೆಟ್ಟು, ಬೂಟು, ಸೈರನ್ನು, ಪಾಳಿ, ಚಳಿ, ಬೆರಳು. ಚೆನ್ನಾಗಿ ಉರು ಹೊಡೀರಿ ಟೀಚರ್."

"ತಪ್ಪಿದ್ರೆ ತಮ್ಮನ ಮಗ ನನ್ನನ್ನ ಸ್ಪ್ಲಿಟ್ ನಗರದ ವೃದ್ಧಾಶ್ರಮಕ್ಕೆ ಸೇರಿಸಿಬಿಡ್ತಾನೆ ಕಣೇ. ಡಾಕ್ಟರ ಚೀಟಿಗೇ ಕಾಯ್ತಿದಾನೆ."

ಸೇರಿಸಲಿ, ಅಂದುಕೊಂಡಳು ದಿಂಕಾ.

ಮೂರು ವರ್ಷಕ್ಕೊಮ್ಮೆ ನಾಲ್ಕು ದೇಶದ ಡಾಕ್ಟರುಗಳು ದ್ವೀಪಕ್ಕೆ ಬಂದು, ಶಾಲೆಯಲ್ಲಿ ಕೂತು, ಅದೇ ಮುದುಕ ಮುದುಕಿಯರ ರಕ್ತ, ನಡಿಗೆ, ನೆನಪು ಎಲ್ಲ ಅಳೆಯುತ್ತಾರೆ. ಹತ್ತು ಪದ ಓದಿ, ಅರ್ಧ ಗಂಟೆ ಬಿಟ್ಟು ಕೇಳುತ್ತಾರೆ. ವಾರವೆಲ್ಲ ಒಂದೇ ಪಟ್ಟಿ. ಮೊದಲು ಹೋದವರು ಹೊರಗೆ ಬಂದು ಉಳಿದವರಿಗೆ ಪದ ದಾಟಿಸುವುದು ಇಲ್ಲಿನ ಪದ್ಧತಿ. ದ್ವೀಪದವರ ನೆನಪಿನ ಶಕ್ತಿಯ ಮೇಲೆ ಡಾಕ್ಟರುಗಳು ದಪ್ಪ ದಪ್ಪ ಪ್ರಬಂಧ ಬರೆದಿದ್ದಾರೆ, ಪಾಪ.

ದಿಂಕಾಳ ಸರದಿ ನಿನ್ನೆಯೇ ಮುಗಿದಿತ್ತು. ಪಟ್ಟಿಯಲ್ಲಿ ಇದ್ದದ್ದು ದೋಣಿ, ನಿಂಬೆ, ಕಿಟಕಿ ಇಂಥವು. ಟೀಚರಿಗೆ ಹೇಳಿಕೊಟ್ಟದ್ದರಲ್ಲಿ ಒಂದೂ ಅದರಲ್ಲಿರಲಿಲ್ಲ.

ಹನ್ನೊಂದರ ವಯಸ್ಸಿನಲ್ಲಿ ಇದೇ ಶಾಲೆಯಲ್ಲಿ ದಿಂಕಾ ಪರೀಕ್ಷೆಯ ಲೆಕ್ಕಗಳನ್ನೆಲ್ಲ ಸರಿಯಾಗಿ ಬಿಡಿಸಿದ್ದಳು. ಬಲೆ ಹೆಣೆಯುವವನ ಮಗಳಿಗೆ ಇಷ್ಟು ಬುದ್ಧಿ ಎಲ್ಲಿಂದ ಬಂತು ಎಂದು ಪೆರಿನಾ ಟೀಚರ್ ಕೆಂಪು ಶಾಯಿಯಲ್ಲಿ 'ನಕಲು' ಎಂದು ಬರೆದು, ಎರಡೂ ಕೈ ಮೇಜಿನ ಮೇಲೆ ಚಾಚಿಸಿ, ತಾವು ಹೇಳುವವರೆಗೂ ಕೂರಬಾರದೆಂದು ನಿಲ್ಲಿಸಿದರು. ಪಟ್ಟಣದ ಹೈಸ್ಕೂಲಿಗೆ ಹೋಗುವವರ ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಿದರು. ಆಮೇಲೆ ನಲವತ್ತು ವರ್ಷ ಮೀನಿನ ಕಾರ್ಖಾನೆ. ಸಾರ್ಡೀನಿನ ತಲೆ ಕಡಿಯುವಾಗ ಒಂದು ದಿನವೂ ಅವಳ ಹೊಟ್ಟೆಯುರಿ ಆರಿರಲಿಲ್ಲ.

ಟೀಚರನ್ನು ಒಳಗೆ ಕರೆದರು. ಬಾಗಿಲು ಅರ್ಧ ತೆರೆದೇ ಇತ್ತು. ಎಳೆಯ ಡಾಕ್ಟರಮ್ಮ ಪದಗಳನ್ನು ಓದಿದಳು; ಟೀಚರ್ ಕೇಳಿಸಿಕೊಳ್ಳಲೇ ಇಲ್ಲ, ತುಟಿಯಲ್ಲೇ ಮಣಮಣ ಅನ್ನುತ್ತಿದ್ದರು. ಅರ್ಧ ಗಂಟೆಯಾದ ಮೇಲೆ, "ಈಗ ಹೇಳಿ ಅಜ್ಜಿ" ಎಂದಾಗ ಬೆನ್ನು ನೆಟ್ಟಗೆ ಮಾಡಿ ಶುರು ಮಾಡಿದರು.

"ಉಪ್ಪು, ಚಾಕು, ಕರುಳು..."

ಒಂದೂ ಬಿಡಲಿಲ್ಲ. ತನ್ನ ನಲವತ್ತು ವರ್ಷವನ್ನು ಆ ಬಾಯಲ್ಲಿ ಕೇಳಿ ದಿಂಕಾಳಿಗೆ ಎದೆ ತಣ್ಣಗಾಯಿತು.

"ಇವೆಲ್ಲ ಎಲ್ಲಿಂದ ಬಂತು ಅಜ್ಜಿ?" ಡಾಕ್ಟರಮ್ಮ ಬೆಪ್ಪಾಗಿ ಕೇಳಿದಳು.

ದಿಂಕಾ ಬಾಗಿಲು ದೂಡಿ ಒಳಗೆ ಹೋದಳು. "ನಕಲು ಮಾಡಿದಾರೆ, ಡಾಕ್ಟ್ರೇ. ಬರ್ಕೊಳ್ಳಿ."

ಪೆರಿನಾ ಟೀಚರ್ ಅವಳತ್ತ ತಿರುಗಿದರು. ಆಮೇಲೆ ಮೆಲ್ಲಗೆ ಎದ್ದು, ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿ, ತಲೆ ತಗ್ಗಿಸಿ ನಿಂತರು. ಡಾಕ್ಟರಮ್ಮ ಕೂತ್ಕೊಳ್ಳಿ ಎಂದರೂ ಕೂರಲಿಲ್ಲ. ದಿಂಕಾ ಹೇಳಲೆಂದು ಕಾಯುತ್ತಿದ್ದರು.

ದಿಂಕಾ ಹೇಳಲಿಲ್ಲ.