ಇಳಿದ ಸ್ವರ

ಸಂಗೀತ ಬಲ್ಲವರು ಹೇಳಬೇಕಾದ ಕಥೆಯಿದು. ಅವರಾರೂ ಹೇಳಲಿಲ್ಲವೆಂದು ಅಂಜುತ್ತಲೇ ಹೇಳಬೇಕಾಗಿದೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅಕ್ಕ ಹಾಡುತ್ತಿದ್ದಳು, ತಮ್ಮ ಪಿಟೀಲು ನುಡಿಸುತ್ತಿದ್ದ. ಇಬ್ಬರಿಗೂ ಕಲಿಸಿದವಳು ಅಮ್ಮ. ಅವಳ ಹಳೆಯ ಹಾರ್ಮೋನಿಯಂನಲ್ಲಿ ಒಂದು ಸ್ವರ ಕೂದಲೆಳೆಯಷ್ಟು ಇಳಿದಿತ್ತು. ರಿಪೇರಿಯವನನ್ನು ಕರೆಸುವ ಮಾತು ವರ್ಷಗಟ್ಟಲೆ ನಡೆಯಿತು. ಅಷ್ಟರಲ್ಲಿ ಮಕ್ಕಳ ಗಂಟಲೂ ಬೆರಳೂ ಅದಕ್ಕೇ ಒಗ್ಗಿಹೋಗಿದ್ದವು. ಅಮ್ಮ ತೀರಿಕೊಂಡ ಮೇಲೂ ಅವರು ತಿದ್ದಿಕೊಳ್ಳಲಿಲ್ಲ. ಆ ಸ್ವರ ಬಂದಾಗ ಹಾಡು ಚೂರು ಕುಸಿದು, ಮತ್ತೆ ಎದ್ದು ನಡೆಯುತ್ತಿತ್ತು. ಕೆಲವರು ಅದನ್ನು ಕೇಳುವುದಕ್ಕೆಂದೇ ಕಛೇರಿಗೆ ಬರುತ್ತಿದ್ದರು. ಮುಂದಿನ ಎರಡು ಸಾಲು ಕುರ್ಚಿ ತುಂಬಿದರೆ ಹೆಚ್ಚು.

ಒಮ್ಮೆ ಹಾಡು ರೆಕಾರ್ಡ್ ಮಾಡುವ ದೊಡ್ಡ ಕಂಪನಿಯೊಂದು ಅವರನ್ನು ಕರೆಯಿತು. ತಮ್ಮನಿಗೆ ನಲವತ್ತಾರು. ಇನ್ನು ಯಾರೂ ಕರೆಯಲಾರರೆಂದು ಅವನಿಗೆ ಗೊತ್ತಿತ್ತು.

ಸ್ಟುಡಿಯೋದ ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು. ಬೆಳಿಗ್ಗೆ ಹಾಡಿದ್ದು ಸ್ಪೀಕರಿನಲ್ಲಿ ತಿರುಗಿ ಬಂದಾಗ ಇಬ್ಬರೂ ಒಟ್ಟಿಗೇ ತಲೆ ಎತ್ತಿದರು. ಆ ಸ್ವರ ನೆಟ್ಟಗಾಗಿತ್ತು.

"ಕಂಪ್ಯೂಟರಲ್ಲಿ ಸ್ವಲ್ಪ ಇಸ್ತ್ರಿ ಹಾಕಿದೀನಿ, ಅಷ್ಟೇ," ಎಂದ ರೆಕಾರ್ಡಿಂಗಿನವನು.

"ಹಾಡಿಗಾ, ನನಗಾ?" ಎಂದಳು ಅಕ್ಕ.

"ಹಾಡಿಗೆ. ನಿಮಗೆ ಹಾಕೋ ಧೈರ್ಯ ನನಗೆಲ್ಲಿದೆ, ಅಕ್ಕ?" ಅವನು ಒಳ್ಳೆಯವನೇ. "ಹೀಗಿದ್ರೆ ಲಕ್ಷ ಜನ ಕೇಳ್ತಾರೆ. ಮೊದಲಿನ ಹಾಗಿದ್ರೆ ಶ್ರುತಿ ತಪ್ಪಿದೆ ಅಂತ ನಗ್ತಾರೆ. ಕಂಪನಿಯೋರು ಒಪ್ಪಲ್ಲ."

"ಮೊದಲಿನ ಹಾಗೇ ಇಡಪ್ಪ. ಆಗಲ್ಲ ಅಂದ್ರೆ ಅಳಿಸಿಬಿಡು."

ಅಕ್ಕ ಕೈಚೀಲ ಹಿಡಿದು ಹೊರನಡೆದಳು. ಅವನು ತಮ್ಮನ ಕಡೆ ತಿರುಗಿ ದನಿ ತಗ್ಗಿಸಿದ. "ಅಣ್ಣ, ನಿಮ್ಮ ಪಿಟೀಲು ಇರಲಿ. ಹಾಡೋಕೆ ಬೇರೆಯವರನ್ನ ಕರೆಸ್ತೀನಿ. ಆ ಒಂದು ಜಾಗದಲ್ಲಿ ಬೆರಳು ಚೂರು ಮೇಲಿಡಿ. ನುಡಿಸಿ ನೋಡಿ."

ತಮ್ಮ ನುಡಿಸಿ ನೋಡಿದ. ಇದನ್ನು ಮುಚ್ಚಿಡಬಾರದು. ಬೆರಳು ಮೇಲೆ ಹೋಯಿತು, ಸ್ವರ ಸರಿಯಾಗಿಯೇ ಬಂತು, ಹಾಡು ಎಲ್ಲಿಯೂ ಕುಸಿಯದೆ ಮುಗಿಯಿತು. ರೆಕಾರ್ಡಿಂಗಿನವನು ತಲೆದೂಗಿದ. ತಮ್ಮನಿಗೆ ಯಾರದೋ ಮನೆಯಲ್ಲಿ ಕೂತು ಯಾರದೋ ಹಾಡು ನುಡಿಸಿದಂತಾಯಿತು. ಕಮಾನು ಸಡಿಲಿಸಿ, ಪಿಟೀಲನ್ನು ಪೆಟ್ಟಿಗೆಗೆ ಹಾಕಿದ.

"ನಂದೂ ಅಳಿಸಿಬಿಡಪ್ಪ," ಎಂದ.

ಅಕ್ಕ ಬಸ್‌ ಸ್ಟಾಪಿನ ಬೆಂಚಿನ ಮೇಲೆ ಕೂತಿದ್ದಳು. "ನೀನು ಬರ್ತೀಯ ಅಂದ್ಕೊಂಡಿರಲಿಲ್ಲ ಕಣೋ."

"ನಾನೂ ಅಂದ್ಕೊಂಡಿರಲಿಲ್ಲ."

ಅವಳ ಪಕ್ಕ ಕೂತು ತಮ್ಮ ಕೇಳಿದ: "ಅಕ್ಕ, ಆ ಸ್ವರ ಸರಿಯಾಗಿ ಹಾಡು ಅಂದ್ರೆ ನಿನಗೆ ಬರುತ್ತಾ?"

ಅಕ್ಕ ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದಳು. ಬಸ್ಸು ಬಂತು, ಹತ್ತಿದರು. ಅವಳು ಕಿಟಕಿಯ ಪಕ್ಕ ಕೂತಳು.

ಕಂಪನಿ ಮತ್ತೆ ಕರೆಯಲಿಲ್ಲ. ತುಂಬುವ ಎರಡು ಸಾಲು ಕುರ್ಚಿ ಕ್ರಮೇಣ ಒಂದೇ ಸಾಲಾಯಿತು, ಆದರೂ ಅವರು ಅದೇ ಸ್ವರ ಹಾಡುತ್ತ, ನುಡಿಸುತ್ತ ಹೋದರು. ಅಕ್ಕ ಬೇಕೆಂದೇ ಹಾಗೆ ಹಾಡಿದಳೋ, ಬೇರೆ ಬಾರದೆ ಹಾಡಿದಳೋ, ತಮ್ಮ ಇನ್ನೊಮ್ಮೆ ಕೇಳಲಿಲ್ಲ. ಈ ಕಥೆ ಹೇಳುತ್ತಿರುವವರಿಗೂ ಗೊತ್ತಿಲ್ಲ.