ನಡುವಿನ ಗಾಳಿ

ಚಿಪ್ ಒಂದರ ಮೇಲೆ ಕೂದಲೆಳೆಗಿಂತ ತೆಳುವಾದ ಒಂದು ಸೇತುವೆ. ಅದರಲ್ಲಿ ಕರೆಂಟು ಹರಿಸಿದರೆ ಕಾದು ಬಿಸಿಯಾಗುತ್ತದೆ. ಕಾದರೆ ಹತ್ತಿರ ಸುಳಿದ ಅನಿಲದ ಗುರುತು ಹಿಡಿಯುತ್ತದೆ. ಧಾರವಾಡದ ಕಾಲೇಜೊಂದರ ಪ್ರಯೋಗಾಲಯದಲ್ಲಿ ಹನಮೇಶ ಇಂಥದೊಂದು ಸೇತುವೆಯ ನಕ್ಷೆ ಬರೆದಿದ್ದ, ಪಕ್ಕದ ಮೇಜಿನ ಸಂಪದಾ ಇನ್ನೊಂದು ಬರೆದಿದ್ದಳು. ಚಿಪ್ ಮಾಡಿಸಲು ಕಾರ್ಖಾನೆಯಲ್ಲಿ ಜಾಗವಿದ್ದದ್ದು ಎರಡರಲ್ಲಿ ಒಂದಕ್ಕೇ. ಯಾವುದೆಂದು ಗುರುವಾರ ವಿಜಯೀಂದ್ರ ಸರ್ ಹೇಳುವವರಿದ್ದರು.

ಸಂಪದಾಳ ಅಜ್ಜ ಪ್ರೊಫೆಸರು, ಅಪ್ಪ ಪ್ರೊಫೆಸರು. ಸರ್ ಅವಳನ್ನು 'ನಮ್ಮ ಸಂಪದಾ' ಎನ್ನುತ್ತಿದ್ದರು. ಇವನನ್ನು 'ಉಪ್ಪಿನಬೆಟಗೇರಿ' ಎಂದು ಊರ ಹೆಸರಿನಿಂದಲೇ ಕರೆಯುತ್ತಿದ್ದರು. ಪ್ರೀತಿಯಿಂದಲೇ. ಆದರೂ ಪ್ರತಿ ಸಲ ಹನಮೇಶನಿಗೆ ಒಳಗೆ ಚುರ್ ಎನ್ನುತ್ತಿತ್ತು.

ಬುಧವಾರ ಮಧ್ಯಾಹ್ನ ಅವಳು ತನ್ನ ಲೆಕ್ಕದ ಹಾಳೆಗಳನ್ನು ಇವನ ಮುಂದಿಟ್ಟಳು.

"ಒಂದ್ಸಲ ನೋಡಿ ಕೊಡೋ. ನಿನ್ನ ಕಣ್ಣು ಭಾಳ ಚೂಪ ಅದ."

ಎರಡನೆಯ ಹಾಳೆಯಲ್ಲೇ ತಪ್ಪು ಸಿಕ್ಕಿತು. ಸೇತುವೆಗೂ ಕೆಳಗಿನ ನೆಲಕ್ಕೂ ನಡುವೆ ಗಾಳಿ ಇದೆ, ಅದು ಕಾವನ್ನು ತಡೆಯುತ್ತದೆ ಎಂದು ಅವಳು ನಂಬಿಬಿಟ್ಟಿದ್ದಳು. ಗಾಳಿ ತಡೆಯುವುದು ಖರೆ, ದಪ್ಪನಾಗಿದ್ದರೆ. ಅವಳ ಸಂದು ಎರಡೇ ಮೈಕ್ರಾನು. ಅವ್ವ ದುರಗವ್ವ ಹೊಲಿದ ಕೌದಿ ಸವೆದು ತೆಳ್ಳಗಾದ ವರ್ಷ, ಕೆಳಗಿನ ಫರಸಿಕಲ್ಲು ಮೈಯ ಕಾವನ್ನೆಲ್ಲ ಹೀರಿದ್ದು ಹನಮೇಶನ ಬೆನ್ನಿಗೆ ನೆನಪಿತ್ತು. ಗಾದಿಯ ಮೇಲೆ ಮಲಗಿ ಬೆಳೆದವಳಿಗೆ ಅದು ಹೇಗೆ ಗೊತ್ತಾಗಬೇಕು? ಅವನು ತನ್ನ ಸೇತುವೆಯ ಕೆಳಗೆ ಗಾಳಿ ದಪ್ಪಗೆ ನಿಲ್ಲಲೆಂದು ಆಳದ ಗುಂಡಿಯನ್ನೇ ಇಟ್ಟಿದ್ದ.

"ಎಲ್ಲಾ ಬರೋಬರಿ ಐತ್ರಿ," ಎಂದು ಹಾಳೆ ಮರಳಿಸಿದ.

ಗುರುವಾರ ಸರ್ ಮುಂದೆ ಅವಳು ತನ್ನ ನಕ್ಷೆಯನ್ನು ವಿವರಿಸಿ ಮುಗಿಸಿದ ಕೂಡಲೇ ಹನಮೇಶ ಎದ್ದು ನಿಂತ.

"ಸರ್, ಅಷ್ಟು ಸಣ್ಣ ಸಂದಿನ್ಯಾಗ ಗಾಳಿ ಅಂದ್ರ ಸವದ ಕೌದಿ ಇದ್ದಂಗರಿ. ಕಾವು ನಿಲ್ಲೂದಿಲ್ಲ, ನೆಲಕ್ಕ ಇಳದು ಹೋಗತೈತಿ."

ಸರ್ ಲೆಕ್ಕ ಹಾಕಿ ನೋಡಿ ನಕ್ಕರು. "ಖರೇ ಅದ. ಇದು ಯಾವಾಗ ಹೊಳೀತೋ ಉಪ್ಪಿನಬೆಟಗೇರಿ?"

"ಈಗರಿ, ಸರ್."

ಜಾಗ ಅವನ ಸೇತುವೆಗೆ ಸಿಕ್ಕಿತು.

ಹೊರಗೆ ಬಂದಾಗ ಸಂಪದಾಳ ಕಣ್ಣು ಕೆಂಪಾಗಿದ್ದವು. ಆದರೂ ಡಬ್ಬಿ ತೆರೆದು ಹಚ್ಚಿದ ಅವಲಕ್ಕಿಯನ್ನು ಅವನ ಕಡೆ ಸರಿಸಿದಳು.

"ನಿನ್ನೆನೇ ಹೊಳದಿದ್ರ ನೀ ಹೇಳೇ ಹೇಳ್ತಿದ್ದಿ," ಎಂದಳು. "ಒಂದು ದಿನ ತಡ ಆತು ನೋಡು. ನನ್ನ ನಸೀಬ."

ಅವನು ಒಂದು ತುತ್ತು ಬಾಯಿಗೆ ಹಾಕಿಕೊಂಡ. ಒಬ್ಬರನ್ನು ಇಷ್ಟು ಸಲೀಸಾಗಿ ನಂಬುವುದು ಇವಳಿಗೆ ಎಲ್ಲಿಂದ ಬಂತು? ಗೆದ್ದ ಮೇಲೆ ಆರಬೇಕಿದ್ದ ಹೊಟ್ಟೆಕಿಚ್ಚು ಅದನ್ನು ನೋಡಿ ಮತ್ತೆ ಹೊತ್ತಿಕೊಂಡಿತು.