ಬೈಲಪ್ಪನನ್ನು ಕಾಡಿಗೆ ಕರೆದೊಯ್ದದ್ದು

ಬಾವಿ ತೋಡುವಾಗ ಮದ್ದು ಸಿಡಿದು ಬಂಡೆ ಉರುಳಿ ಬೈಲಪ್ಪನ ಸೊಂಟ ಮುರಿದದ್ದು ಎಪ್ಪತ್ತಾರನೇ ಇಸವಿಯಲ್ಲಿ. ಅಂದಿನಿಂದ ಅವನು ಬಿಳಿಚೋಡಿನ ತನ್ನ ಮನೆಯೊಳಗೆ ಕೌದಿಯ ಮೇಲೇ ಇದ್ದ. ಸೊಂಟದ ಕೆಳಗೆ ಚಿವುಟಿದರೂ ತಿಳಿಯುತ್ತಿರಲಿಲ್ಲ. ಹೆಂಡತಿ ಉಚ್ಚಂಗೆಮ್ಮ ಬೆಳಿಗ್ಗೆ ಅವನ ಮೈ ಒರೆಸಿ, ಮಗ್ಗುಲು ಬದಲಿಸಿ, ಕೈಗೆಟಕುವಂತೆ ನೀರಿನ ತಂಬಿಗೆ ಇಟ್ಟು ಕೂಲಿಗೆ ಹೋಗುತ್ತಿದ್ದಳು. ಅವರಿಗೆ ಮಕ್ಕಳಿರಲಿಲ್ಲ.

ಮದುವೆಯಾದ ಹೊಸದರಲ್ಲಿ ಸೀತಾಫಲದ ಕಾಲ ಬಂತೆಂದರೆ ಇಬ್ಬರೂ ಊರಾಚೆಯ ಕಾಡಿಗೆ ಹೋಗಿ ದಿನವೆಲ್ಲ ಅಲ್ಲೇ ಇದ್ದುಬಿಡುತ್ತಿದ್ದರು. ಈಗ ಬೈಲಪ್ಪ ಅದರ ಮಾತೆತ್ತುತ್ತಿರಲಿಲ್ಲ. ಸೌದೆ ತರುವವರು ಯಾರಾದರೂ ಬಾಗಿಲ ಮುಂದೆ ಹಾದರೆ ಮಾತ್ರ ಕೂಗಿ ಕರೆದು, ಕಾಡಿನ ಕೆರೆಯಲ್ಲಿ ನೀರಿದೆಯೇ ಎಂದು ವಿಚಾರಿಸುತ್ತಿದ್ದ.

ಎಂಬತ್ತೆರಡರಲ್ಲಿ ಅರಣ್ಯ ಇಲಾಖೆಯವರು ಆ ಕೆರೆಯವರೆಗೆ ದಾರಿ ಸಮ ಮಾಡಿಸಿ, ಕಲ್ಲುಬೆಂಚು ಹಾಕಿಸಿ, ಕಾಡಿನ ಅಂಚಿಗೆ ಗೇಟು ನಿಲ್ಲಿಸಿದರು. ಭಾನುವಾರ ದಾವಣಗೆರೆಯ ಜನ ಬುತ್ತಿ ಕಟ್ಟಿಕೊಂಡು ಬರತೊಡಗಿದರು. ನಡೆಯಲಾಗದ ಮುದುಕರನ್ನೂ ಒಳಗೆ ಕರೆದೊಯ್ಯಬಹುದಂತೆ ಎಂದು ಕೇಳಿ ಉಚ್ಚಂಗೆಮ್ಮ ಬೋರಣ್ಣನ ಮನೆಗೆ ಹೋದಳು. ಬೋರಣ್ಣ ಬೈಲಪ್ಪನ ಜೊತೆ ಬಾವಿ ತೋಡುತ್ತಿದ್ದವನು. ಹೆಂಡತಿ ತೀರಿಕೊಂಡ ಮೇಲೆ ಎತ್ತಿನ ಗಾಡಿ ಹೊಡೆದುಕೊಂಡು ಒಬ್ಬನೇ ಇದ್ದ. ಗಾಡಿ ತರುತ್ತೇನೆ ಎಂದ.

ಬೈಲಪ್ಪ ಒಪ್ಪಲಿಲ್ಲ. ಕಾಡು ನೋಡಲು ಬಂದವರು ತನ್ನನ್ನೇ ನೋಡುತ್ತಾರೆ ಎಂದು ಮುಖ ಗೋಡೆಗೆ ತಿರುಗಿಸಿದ. ಆದರೆ ಭಾನುವಾರ ಬೋರಣ್ಣ ಗಾಡಿಯಲ್ಲಿ ಹುಲ್ಲು ಹಾಸಿ ಬಾಗಿಲಿಗೆ ತಂದು ನಿಲ್ಲಿಸಿದಾಗ ಬೇಡವೆನ್ನಲಿಲ್ಲ.

ಗೇಟಿನಲ್ಲಿ ಗಾರ್ಡ್ ಧರ್ಮಪ್ಪ ತಡೆದ. ಗಾಡಿ ಹೋಗಲಿ, ಆದರೆ ದನಕರು ಒಳಗೆ ಬಿಡಬಾರದೆಂದು ಸಾಹೇಬರ ಅಪ್ಪಣೆಯಾಗಿದೆ, ತನ್ನ ಕೆಲಸ ಹೋಗುತ್ತದೆ ಎಂದು ಕೈಮುಗಿದು ಹೇಳಿದ. ಬೋರಣ್ಣ ಗೆಳೆಯನನ್ನು ಬೆನ್ನ ಮೇಲೆ ಹೊರಲು ನೋಡಿದ. ಎತ್ತಿದ ಕೂಡಲೇ ಬೈಲಪ್ಪ, ಮಲಗಿ ಮಲಗಿ ಆಗಿದ್ದ ಬೆನ್ನ ಹುಣ್ಣಿನ ನೋವಿಗೆ ಹಲ್ಲು ಕಚ್ಚಿದ.

ಉಚ್ಚಂಗೆಮ್ಮ ಯಾರನ್ನೂ ಕೇಳಲಿಲ್ಲ. ಎತ್ತು ಬಿಚ್ಚಿ ಮರಕ್ಕೆ ಕಟ್ಟಿ ಬಂದು, ಸೆರಗು ಸುತ್ತಿ ಹೆಗಲ ಮೇಲಿಟ್ಟುಕೊಂಡು, ನೊಗದ ಒಂದು ಬದಿಗೆ ನಿಂತಳು. ಬೋರಣ್ಣ ಇನ್ನೊಂದು ಬದಿ ಹಿಡಿದ.

ಗಾಡಿ ಹೊರಟಿತು. ಊಟಕ್ಕೆ ಕೂತಿದ್ದ ಪೇಟೆಯವರು ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು ನೋಡಿದರು. ಬೈಲಪ್ಪ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ದಾರಿ ಕೊಂಚ ಏರುವಲ್ಲಿ ಧರ್ಮಪ್ಪನೂ ಹಿಂದಿನಿಂದ ಓಡಿಬಂದು ಗಾಲಿಗೆ ಕೈ ಹಾಕಿದ.

ಕೆರೆ ದಂಡೆಯ ಮರದ ಕೆಳಗೆ ಬೈಲಪ್ಪನನ್ನು ಇಳಿಸಿ ಮಲಗಿಸಿದ ಮೇಲೆ ಧರ್ಮಪ್ಪ ಗೇಟಿಗೆ ಮರಳಿದ. ಟವೆಲ್ಲು ಒದ್ದೆಯಾಗಿತ್ತು. ಬೈಲಪ್ಪ ಅಂಗೈಯಿಂದ ನೆಲ ಸವರಿದ, ಒಣಗಿದ ಎಲೆಯೊಂದನ್ನು ಮೂಸಿದ. ಆಚೆ ದಡದಲ್ಲಿ ಜಿಂಕೆಯಂಥ ಕೊಂಡುಕುರಿಯೊಂದು ನೀರಿಗೆ ಬಂದದ್ದನ್ನು ಮೊದಲು ಕಂಡವನೂ ಅವನೇ. ಅದು ಕುಡಿದು ಹೋಗುವವರೆಗೂ ಮೂವರೂ ಉಸಿರು ಬಿಗಿಹಿಡಿದರು.

ಬೋರಣ್ಣ ಎತ್ತುಗಳಿಗೆ ನೀರು ತೋರಿಸಲು ಗೇಟಿನ ಕಡೆ ಹೋದಾಗ ಬೈಲಪ್ಪ ಹೆಂಡತಿಯ ಕೈ ಹಿಡಿದ.

"ನಿನ್ನ ಹೆಗಲು ನೋಡ್ದೆ, ರಕ್ತ ಬಂದೈತೆ," ಎಂದ. "ಬೋರಣ್ಣ ಒಳ್ಳೇನು. ಅವನ ಕೂಡ ಉಡಿಕೆ ಆಗು. ನಾನೇ ಹಿರೇರ ಮುಂದೆ ಹೇಳ್ತೀನಿ."

ಅವರ ಮಂದಿಯಲ್ಲಿ ಗಂಡ ಬಿಟ್ಟುಕೊಟ್ಟ ಇಲ್ಲವೆ ಗಂಡ ಸತ್ತ ಹೆಣ್ಣು ಹೀಗೆ ಉಡಿಕೆಯಲ್ಲಿ ಎರಡನೇ ಮದುವೆಯಾಗುವುದು ಹೊಸದೇನಲ್ಲ. ಉಚ್ಚಂಗೆಮ್ಮ ಕೈ ಬಿಡಿಸಿಕೊಂಡು ಪಕ್ಕದ ಗಿಡದಿಂದ ಹಣ್ಣಾದ ಸೀತಾಫಲವೊಂದನ್ನು ಕಿತ್ತಳು.

"ಇದನ್ನ ಕೇಳಾಕೆ ನಿನ್ನ ಎಳ್ಕೊಂಡು ಬಂದೆನಾ?" ಎಂದಳು.

ಅವಳು ಹಣ್ಣು ಬಿಡಿಸಿ ಅವನ ಬಾಯಿಗಿಟ್ಟಳು. ಅವನು ತಿಂದ.

ಬೆನ್ನ ಹುಣ್ಣು ಕೀವಾಗಿ, ಜ್ವರ ಏರಿ, ಮರುವರ್ಷದ ಬೇಸಿಗೆಯಲ್ಲಿ ಬೈಲಪ್ಪ ಸತ್ತ. ವರ್ಷದ ಕಾರ್ಯ ಕಳೆದ ಮೇಲೆ ಬೋರಣ್ಣ ಬಂದು ಹೊಸ್ತಿಲ ಹೊರಗೆ ಕೂತ. ಸಾಯುವ ಮುಂಚೆ ಬೈಲಪ್ಪ ಉಡಿಕೆಯ ಮಾತನ್ನು ತನಗೂ ಹೇಳಿದ್ದನೆಂದ. ಅವಳಿಗೆ ಅವನು ಬೇಡವಾದವನೇನಲ್ಲ. ಒಂಟಿ ಮನೆಯಲ್ಲಿ ಎಷ್ಟೋ ಸಲ ಅವನ ಗಾಡಿಯ ಸದ್ದಿಗೆ ಕಿವಿಗೊಟ್ಟಿದ್ದಳು.

"ಆವತ್ತು ನಾವು ಮೂವರೂ ಹೋಗಿದ್ದು ಕಾಡು ನೋಡಾಕೆ," ಎಂದಳು. "ಈಗ ನಾನು ಹೂಂ ಅಂದ್ರೆ, ಅದು ನನ್ನ ನಿನಗೆ ಒಪ್ಪಿಸಾಕೆ ಹೋಗಿದ್ದು ಅಂತ ಆಕೈತೆ. ಅದನ್ನ ಹಂಗೇ ಇರಾಕೆ ಬಿಡು, ಬೋರಣ್ಣ."

ಅವನು ಎದ್ದು ಹೋದ. ಓಣಿಯವರು ಅವಳಿಗೆ ಬುದ್ಧಿಯಿಲ್ಲವೆಂದರು. ಕೆಲವು ಸಂಜೆ ಅವಳಿಗೂ ಹಾಗೇ ಅನ್ನಿಸುತ್ತಿತ್ತು.

ಒಂದೆರಡು ವರ್ಷ ಕಾದು ಬೋರಣ್ಣ ಜಗಳೂರಿನ ಕಡೆಯ ಹೆಣ್ಣೊಬ್ಬಳನ್ನು ಕಟ್ಟಿಕೊಂಡ. ಊಟಕ್ಕೆ ಉಚ್ಚಂಗೆಮ್ಮ ಹೋಗಿದ್ದಳು. ಬಡಿಸುವವರು ಸಾಲದೆ ಹೋದಾಗ ತಾನೇ ಸೆರಗು ಸಿಕ್ಕಿಸಿ ಪಂಕ್ತಿಗೆಲ್ಲ ಬಡಿಸಿದಳು. ಎಲ್ಲರದೂ ಆದ ಮೇಲೆ ಉಂಡು, ಹೊಸ ಹೆಣ್ಣಿಗೆ ಕುಂಕುಮದ ಬಟ್ಟಲು ಎತ್ತಿ ಕೊಡುವಂತೆ ಮುತ್ತೈದೆಯೊಬ್ಬಳಿಗೆ ಹೇಳಿ, ಒಬ್ಬಳೇ ಮನೆಗೆ ನಡೆದಳು.